ಅರೋಮಾಥೆರಪಿಗೆ ಪರೀಕ್ಷೆ ಸರಿ, ಸರ್ಟಿಫಿಕೇಟು ವಾಪಸ್ ಕೇಳೋರು ಯಾರು?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ಅಕ್ಕ ಆಗಾಗ ಹೋಗುವ ಒಂದು ಪಾರ್ಲರ್ ಇದೆ. ಹೆಸರು ಬೇಡ. ಒಳಗೆ ಕಾಲಿಟ್ಟರೆ ಎದುರಿನ ಗೋಡೆ ಮೇಲೆ ಐದು ಸರ್ಟಿಫಿಕೇಟು, ಐದಕ್ಕೂ ಬಂಗಾರದ ಬಣ್ಣದ ಫ್ರೇಮು. ಒಂದರಲ್ಲಿ ‘ಸರ್ಟಿಫೈಡ್ ಅರೋಮಾಥೆರಪಿಸ್ಟ್’ ಅಂತಿದೆ, ಅಂದರೆ ಸುಗಂಧ ತೈಲ ಹಚ್ಚಿ, ಮೂಸಿಸಿ ಆರೈಕೆ ಮಾಡುವವರು. ಇನ್ನೊಂದರಲ್ಲಿ ‘ಅಡ್ವಾನ್ಸ್ಡ್’. ಮತ್ತೊಂದರಲ್ಲಿ ‘ಇಂಟರ್‌ನ್ಯಾಷನಲ್’. ಅದರ ಕೆಳಗೆ ಕಿಟಕಿ ಕಟ್ಟೆ ಮೇಲೆ ಸಣ್ಣ ಸಣ್ಣ ಬಾಟಲಿಗಳು. ಮಧ್ಯಾಹ್ನ ಬಿಸಿಲು ನೇರವಾಗಿ ಅವುಗಳ ಮೇಲೇ ಬೀಳುತ್ತದೆ.

ಕಳೆದ ಏಪ್ರಿಲ್‌ನಲ್ಲಿ ಅಕ್ಕ ಅಲ್ಲಿ ಕುತ್ತಿಗೆ, ಭುಜಕ್ಕೆ ಮಸಾಜ್ ಮಾಡಿಸಿಕೊಂಡಳು. ‘ಸಿಟ್ರಸ್ ಬ್ಲೆಂಡ್’ ಅಂತ ಒಂದು ಎಣ್ಣೆ ಹಚ್ಚಿದರಂತೆ. ಘಮಘಮ ಅಂತಿತ್ತಂತೆ. ಅಲ್ಲಿಂದ ನೇರ ದುರ್ಗದಬೈಲಿಗೆ ಹೋಗಿ, ಎರಡು ತಾಸು ಬಿಸಿಲಲ್ಲೇ ಅಡ್ಡಾಡಿ, ಚೀಲ ತುಂಬಿಸಿಕೊಂಡು ಮನೆಗೆ ಬಂದಳು. ಮರುದಿನ ಸಂಜೆ ಹೊತ್ತಿಗೆ ಕುತ್ತಿಗೆ ಉರಿ. ಮೂರನೇ ದಿನ ಗುಳ್ಳೆ. ಗುಳ್ಳೆ ಒಣಗಿದ ಮೇಲೆ ಕಂದು ಕಲೆ ಉಳಿಯಿತು. ಎಣ್ಣೆ ಇಳಿದ ದಾರಿಯಲ್ಲೇ ಯಾರೋ ಬ್ರಶ್ಶಿನಿಂದ ಗೆರೆ ಎಳೆದ ಹಾಗೆ.

ಚರ್ಮದ ಡಾಕ್ಟರು ಕಲೆ ನೋಡಿದ ಕೂಡಲೇ ಕೇಳಿದ್ದು ಎರಡೇ ಮಾತು. “ಲಿಂಬಿ ಜಾತೀದು ಏನರ ಹಚ್ಚಿದ್ರೇನು? ಹಚ್ಚಿಕೊಂಡು ಬಿಸಿಲಾಗ ಹೋಗಿದ್ರೇನು?”

ಇದು ಯಾರಿಗೂ ಗೊತ್ತಿಲ್ಲದ ವಿಷಯವೇನಲ್ಲ. ಬರ್ಗಮಾಟ್, ನಮ್ಮ ಲಿಂಬೆ, ಅದಕ್ಕಿಂತ ದೊಡ್ಡದಾದ ಲೆಮನ್ ಇಂಥ ಹಣ್ಣುಗಳ ಸಿಪ್ಪೆ ಹಿಂಡಿ ತೆಗೆದ ಎಣ್ಣೆಯಲ್ಲಿ ಫ್ಯುರಾನೊಕುಮರಿನ್ ಅನ್ನುವ ವಸ್ತುಗಳಿರುತ್ತವೆ. ಅವು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಗಾಯವೇ ಆಗುತ್ತದೆ. ಸುಗಂಧ ಉದ್ಯಮದವರ ಅಂತರರಾಷ್ಟ್ರೀಯ ಸಂಘಟನೆ ಇಫ್ರಾ ಇದಕ್ಕೆ ಮಿತಿ ಹಾಕಿದೆ. ಬಿಸಿಲಿಗೆ ಬೀಳುವ ಚರ್ಮಕ್ಕೆ ಹಚ್ಚಿ ಹಾಗೇ ಬಿಡುವಂಥದ್ದರಲ್ಲಿ ಹಿಂಡಿ ತೆಗೆದ ಬರ್ಗಮಾಟ್ ಎಣ್ಣೆ ಶೇ 0.4 ದಾಟಬಾರದು. ಅಂದರೆ ನೂರು ಹನಿಯಲ್ಲಿ ಅರ್ಧ ಹನಿಯೂ ಇರಬಾರದು! ಲೆಮನ್‌ಗೆ ಶೇ 2ರವರೆಗೆ ನಡೆಯುತ್ತದೆ. ಅದೇ ಲಿಂಬೆಯನ್ನು ಹಿಂಡದೆ ಬಟ್ಟಿ ಇಳಿಸಿ ತೆಗೆದಿದ್ದರೆ ಈ ತೊಂದರೆ ಇಲ್ಲ. ಹಾಗಾಗಿ ಬಾಟಲಿಯಲ್ಲಿ ಯಾವ ಹಣ್ಣು, ಎಣ್ಣೆ ತೆಗೆದದ್ದು ಹೇಗೆ ಅನ್ನೋದು ಗೊತ್ತಿಲ್ಲದೆ ‘ಸಿಟ್ರಸ್ ಬ್ಲೆಂಡ್’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ.

ಆಮೇಲೆ ನಾನೇ ಒಮ್ಮೆ ಹೋಗಿ ಆ ಐದೂ ಸರ್ಟಿಫಿಕೇಟು ಓದಿ ನೋಡಿದೆ. ಮನಸ್ಸಿನಲ್ಲಿ ಅನುಮಾನ ಇತ್ತು, ಸುಳ್ಳು ಕಾಗದ ಇರಬಹುದು ಅಂತ. ಒಂದೂ ಸುಳ್ಳಲ್ಲ. ಎಲ್ಲದರಲ್ಲೂ ಸಂಸ್ಥೆ ಹೆಸರಿದೆ, ಸೀಲಿದೆ, ನಂಬರಿದೆ. ಪಾರ್ಲರ್ ನಡೆಸುವ ಹೆಣ್ಣುಮಗಳು ದುಡ್ಡು ಕಟ್ಟಿ, ಕೋರ್ಸು ಮಾಡಿ, ಪಾಸಾಗಿಯೇ ತಂದಿದ್ದಾರೆ. ನನಗೆ ಈ ಲೇಖನ ಬರೆಯಬೇಕು ಅನ್ನಿಸಿದ್ದು ಅದಕ್ಕೇ.

ಅರೋಮಾಥೆರಪಿ ಮಾಡುವವರಿಗೆ ಒಂದು ವೃತ್ತಿ ಪರೀಕ್ಷೆ ಇರಬೇಕೋ ಬೇಡವೋ ಅನ್ನೋ ಚರ್ಚೆ ಹೊರದೇಶಗಳಲ್ಲಿ ಮೂರು ದಶಕದಿಂದ ನಡೆದಿದೆ. ನಮ್ಮಲ್ಲಿ ಸ್ಪಾ, ಪಾರ್ಲರ್‌ಗಳು ಹುಬ್ಬಳ್ಳಿ-ಧಾರವಾಡ ದಾಟಿ ಗದಗ, ಹಾವೇರಿಯ ಓಣಿಗಳಿಗೂ ಬಂದ ಮೇಲೆ ಅದೇ ಪ್ರಶ್ನೆ ನಮ್ಮ ಬಾಗಿಲಿಗೂ ಬಂದಿದೆ. ಪರೀಕ್ಷೆ ಇದ್ದರೆ ಎಲ್ಲ ಸರಿಹೋಗುತ್ತದೆ ಅಂತ ಅನೇಕರು ನಂಬಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪರೀಕ್ಷೆ ಬೇಡ ಅಂತ ಹೇಳುತ್ತಿಲ್ಲ. ಕೊಟ್ಟ ಸರ್ಟಿಫಿಕೇಟನ್ನು ವಾಪಸ್ ಪಡೆಯುವ ಒಬ್ಬರು ಇಲ್ಲದಿದ್ದರೆ, ಎಂಥ ಪರೀಕ್ಷೆ ಇಟ್ಟರೂ ಅದು ಗೋಡೆಗೆ ಆರನೇ ಫ್ರೇಮು ಅಷ್ಟೇ.

ಸ್ವಲ್ಪ ಹಿಂದಿನಿಂದ ಬರೋಣ. ‘ಅರೋಮಾಥೆರಪಿ’ ಅನ್ನೋ ಪದ ಹುಟ್ಟಿಸಿದ್ದು ಫ್ರಾನ್ಸಿನ ರಸಾಯನ ತಜ್ಞ ರೆನೆ-ಮೋರಿಸ್ ಗಟಫೋಸೆ. 1910ರಲ್ಲಿ ಪ್ರಯೋಗಶಾಲೆಯಲ್ಲಿ ಕೈ ಸುಟ್ಟುಕೊಂಡ ಅವನು ಲ್ಯಾವೆಂಡರ್ ಎಣ್ಣೆ ಬಳಸಿದ, 1937ರಲ್ಲಿ ಅದೇ ಹೆಸರಿನ ಪುಸ್ತಕ ತಂದ. ಪದ ಹೊಸದು, ಕೆಲಸ ನಮಗೆ ಹೊಸದಲ್ಲ. ಬಾಣಂತಿ ಕೋಣೆಯಲ್ಲಿ ಲೋಬಾನದ ಹೊಗೆ ಹಾಕದ ಮನೆ ನಮ್ಮ ಕಡೆ ಎಷ್ಟಿದ್ದವು? ನೆಗಡಿಯಾದ ಕೂಸಿಗೆ ಅಜಿವಾನ ಹುರಿದು ಬಟ್ಟೆಯಲ್ಲಿ ಕಟ್ಟಿ ಮೂಸಿಸುವುದು, ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಎದೆಗೆ ತಿಕ್ಕುವುದು ಇವೆಲ್ಲ ನಮ್ಮ ಅವ್ವ, ಆಯಿ ಮಾಡಿದ್ದೇ. ದೇವರಿಗೆ ದವನ ಏರಿಸುವ ನಾಡು ಇದು. ಹಾವೇರಿಗೆ ಬಂದ ದೊಡ್ಡವರ ಕೊರಳಿಗೆ ಏಲಕ್ಕಿ ಹಾರ ಬೀಳುತ್ತದೆ. ವಾಸನೆಗೂ ಮನಸ್ಸಿಗೂ ನಂಟಿದೆ ಅನ್ನೋದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಅಜಿವಾನದ ಗಂಟಿಗೂ ಅಜಿವಾನದ ಎಣ್ಣೆಗೂ ಬಹಳ ವ್ಯತ್ಯಾಸ ಇದೆ. ಕೆಜಿಗಟ್ಟಲೆ ಸೊಪ್ಪು, ಹೂವು, ಕಾಳನ್ನು ಬಟ್ಟಿ ಇಳಿಸಿದಾಗ ಸಿಗೋದು ಕೆಲವೇ ಚಮಚ. ಅಷ್ಟು ಗಟ್ಟಿ ಸಾರ ಅದು. ಗಂಟು ಮೂಸಿದರೆ ಏನೂ ಆಗದ ಕೂಸು ಎಣ್ಣೆ ಮೂಸಿದರೆ ಏನಾದೀತು ಹೇಳೋಕಾಗದು. ಕರ್ಪೂರ ಹೊಟ್ಟೆಗೆ ಹೋದರೆ ಸಣ್ಣ ಮಕ್ಕಳಿಗೆ ಫಿಟ್ಸ್ ಬರುತ್ತದೆ ಅಂತ ಮಕ್ಕಳ ವೈದ್ಯರು ಬಹಳ ವರ್ಷದಿಂದ ಹೇಳುತ್ತಲೇ ಇದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು 2017ರಲ್ಲಿ ನೀಲಗಿರಿ ಎಣ್ಣೆ ಮೂಸಿದ ಮೇಲೆ ಫಿಟ್ಸ್ ಬಂದವರ ಬಗ್ಗೆ ಬರೆದರು. ನೆಗಡಿ ಬಂದರೆ ಬಿಸಿನೀರಿಗೆ ನೀಲಗಿರಿ ಎಣ್ಣೆ ಹಾಕಿ ಕಂಬಳಿ ಹೊದ್ದು ಕೂಡ್ರುವ ನಮಗೆ ಇದು ಸಣ್ಣ ಸುದ್ದಿ ಅಲ್ಲ, ಅಲ್ವಾ?

ಹಾಗಾದರೆ ಅರೋಮಾಥೆರಪಿಯಿಂದ ಉಪಯೋಗ ಇದೆಯೋ ಇಲ್ಲವೋ? ಪರೀಕ್ಷೆ ಚರ್ಚೆಯ ಒಂದು ಕಾಲು ಇಲ್ಲೇ ಸಿಕ್ಕಿಕೊಂಡಿದೆ. ಮನಸ್ಸಿಗೆ ಹಗುರ ಅನ್ನಿಸುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ ಅಂತ ಹೇಳುವವರು ಬಹಳ. ಕಾಯಿಲೆ ವಾಸಿ ಆಗುತ್ತದೆ ಅನ್ನೋದಕ್ಕೆ ಪುರಾವೆ ತೆಳು. ಮರೆಗುಳಿ ಕಾಯಿಲೆಗೆ ಇದು ಉಪಯೋಗವೇ ಅಂತ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದ ಕಾಕ್ರೇನ್ ಸಂಸ್ಥೆಯ 2020ರ ಪರಿಶೀಲನೆಗೆ ಖಚಿತವಾದ ಉತ್ತರ ಸಿಗಲಿಲ್ಲ. ಆಪರೇಷನ್ ನಂತರದ ವಾಕರಿಕೆ ಬಗ್ಗೆ 2018ರಲ್ಲಿ ಅದೇ ಸಂಸ್ಥೆ ನೋಡಿದಾಗ ಇನ್ನೊಂದು ತಮಾಷೆ ಆಯಿತು. ಪೆಪ್ಪರ್‌ಮಿಂಟ್ ಎಣ್ಣೆಯ ಬಗ್ಗೆ ಗಟ್ಟಿಯಾಗಿ ಏನೂ ಹೇಳಲಾಗಲಿಲ್ಲ. ಇಂಜೆಕ್ಷನ್‌ಗೆ ಮೊದಲು ತೋಳಿಗೆ ಒರೆಸುವ ಸ್ಪಿರಿಟ್ ಇದೆಯಲ್ಲ, ಅದನ್ನು ಮೂಸಿದವರಿಗೆ ವಾಕರಿಕೆಯ ಮಾಮೂಲಿ ಔಷಧಿ ತೆಗೆದುಕೊಂಡವರಿಗಿಂತ ಬೇಗ ಆರಾಮ ಅನ್ನಿಸಿತ್ತು.

ಆಸ್ಟ್ರೇಲಿಯಾ ಸರ್ಕಾರ 2019ರ ಏಪ್ರಿಲ್‌ನಿಂದ 16 ಬಗೆಯ ನೈಸರ್ಗಿಕ ಚಿಕಿತ್ಸೆಗಳನ್ನು ಖಾಸಗಿ ಆರೋಗ್ಯ ವಿಮೆಯ ಸವಲತ್ತಿನಿಂದ ಹೊರಗಿಟ್ಟಿತು. ಅರೋಮಾಥೆರಪಿಯೂ ಅದರಲ್ಲಿತ್ತು. ಪರೀಕ್ಷೆ ಬೇಡ ಅನ್ನುವವರ ವಾದ ಇದೇ ಜಾಗದಿಂದ ಶುರುವಾಗುತ್ತದೆ. ಗಟ್ಟಿ ಪುರಾವೆ ಇಲ್ಲದ ಚಿಕಿತ್ಸೆಗೆ ನೀವು ಪರೀಕ್ಷೆ ಇಟ್ಟು ಪಾಸು ಮಾಡಿದರೆ, ಜನ ‘ಇವರು ಪಾಸಾದವರು’ ಅಂತಷ್ಟೇ ಓದಿಕೊಳ್ಳುವುದಿಲ್ಲ. ‘ಇದರಿಂದ ವಾಸಿಯಾಗುತ್ತದೆ ಅಂತ ಸರ್ಕಾರವೇ ಹೇಳಿದೆ’ ಅಂತ ಓದಿಕೊಳ್ಳುತ್ತಾರೆ. ಈ ವಾದದಲ್ಲಿ ಹುರುಳಿದೆ. ಅದಕ್ಕೆ ಪರೀಕ್ಷೆ ಪರ ಇರುವವರ ಉತ್ತರವೂ ಪೊಳ್ಳಲ್ಲ: ಜನ ಹೇಗೂ ಹೋಗಿ ಹಚ್ಚಿಸಿಕೊಳ್ಳುತ್ತಾರೆ, ಹಚ್ಚುವವರಿಗೆ ಯಾವುದು ಸುಡುತ್ತದೆ ಅಂತ ಗೊತ್ತಿರಲಿ. ನಮ್ಮ ಅಕ್ಕನ ಕುತ್ತಿಗೆ ನೋಡಿದ ಮೇಲೆ ನಾನು ಈ ಎರಡನೆಯವರ ಕಡೆ ಸ್ವಲ್ಪ ವಾಲಿದ್ದೇನೆ.

ಅಮೆರಿಕದಲ್ಲಿ ಇದು ಹೇಗೆ ನಡೆದಿದೆ ನೋಡಿ. ಅಲ್ಲಿ ಅರೋಮಾಥೆರಪಿಸ್ಟ್ ಅನ್ನಿಸಿಕೊಳ್ಳಲು ಸರ್ಕಾರದ ಲೈಸೆನ್ಸ್ ಬೇಕಿಲ್ಲ. ಮೈ ಮುಟ್ಟಿ ಮಸಾಜ್ ಮಾಡುವುದಾದರೆ ಹೆಚ್ಚಿನ ರಾಜ್ಯಗಳಲ್ಲಿ ಮಸಾಜ್ ಲೈಸೆನ್ಸ್ ಬೇಕು, ಅದು ಬೇರೆ. 1990ರಲ್ಲಿ ಹುಟ್ಟಿದ ನಾಹಾ ಅನ್ನೋ ಸಂಘ, ಶಾಲೆಗಳು ಎಷ್ಟು ತಾಸು ಕಲಿಸಬೇಕು ಅಂತ ಹಂತ ಹಂತವಾಗಿ ಗೊತ್ತು ಮಾಡಿತು. ವೃತ್ತಿ ಮಾಡುವವರಿಗೆ ಕಡಿಮೆ ಅಂದರೂ 200 ತಾಸಿನ ಓದು ಅನ್ನೋ ಲೆಕ್ಕ ಹಾಗೆ ಬಂತು. ಆದರೆ ಕಲಿಸುವವರೂ ಆ ಶಾಲೆಯವರೇ, ಪಾಸು ಮಾಡುವವರೂ ಅವರೇ. 1999ರಲ್ಲಿ ಎಆರ್‌ಸಿ ಅಂತ ಬೇರೆಯೇ ಒಂದು ಮಂಡಳಿ ಬಂತು. ಅದು ಶಾಲೆ ನಡೆಸುವುದಿಲ್ಲ, ಪರೀಕ್ಷೆ ಮಾತ್ರ ಇಡುತ್ತದೆ. ಪಾಸಾದವರ ಹೆಸರು ಪಟ್ಟಿಗೆ ಸೇರುತ್ತದೆ, ಆಗಾಗ ನವೀಕರಿಸಿಕೊಳ್ಳಬೇಕು. ಬರೆಯಲೇಬೇಕು ಅನ್ನೋ ಕಡ್ಡಾಯ ಯಾರಿಗೂ ಇಲ್ಲ.

ಜಗಳ ಅಲ್ಲೇ ಶುರು. ನಮ್ಮ ಶಾಲೆಯಲ್ಲಿ ಕೇಸ್ ಸ್ಟಡಿ ಬರೆಸಿ, ಕೈಯಿಂದ ಮಾಡಿಸಿ, ತಿಂಗಳುಗಟ್ಟಲೆ ನೋಡಿಯೇ ಪಾಸು ಮಾಡಿದ್ದೇವೆ, ಒಂದು ಮಧ್ಯಾಹ್ನದ ಬಹು ಆಯ್ಕೆ ಪ್ರಶ್ನೆಪತ್ರಿಕೆ ಅದಕ್ಕಿಂತ ಜಾಸ್ತಿ ಏನು ಹೇಳೀತು ಅಂತ ಶಾಲೆಯವರು. ನಿಮ್ಮ ವಿದ್ಯಾರ್ಥಿಯ ಫೀಸು ನಿಮಗೇ ಬರುತ್ತಿರುವಾಗ ನೀವು ಫೇಲ್ ಮಾಡುತ್ತೀರಾ ಅಂತ ಪರೀಕ್ಷೆಯವರು. ಇಬ್ಬರೂ ಸರಿ. ಎಣ್ಣೆ ರಸಾಯನ, ಸಸ್ಯದ ಹೆಸರು, ಯಾವುದನ್ನು ಯಾರಿಗೆ ಹಚ್ಚಬಾರದು ಇದನ್ನೆಲ್ಲ ಟಿಕ್ ಮಾಡಿಸಿ ಅಳೆಯಬಹುದು. ಎದುರಿಗೆ ಕೂತ ಹೆಣ್ಣುಮಗಳು “ಬಿಪಿ ಗುಳಿಗಿ ತೊಗೊಳ್ತೀನ್ರಿ” ಅಂದಾಗ ಕೈ ತಡೆಯುವ ಬುದ್ಧಿಯನ್ನು ಟಿಕ್ ಮಾಡಿಸಿ ಅಳೆಯೋಕಾಗದು.

ನನಗೆ ಹೆಚ್ಚು ಪಾಠ ಕಲಿಸಿದ್ದು ಬ್ರಿಟನ್. ಅಲ್ಲಿ 2008ರಲ್ಲಿ ಸಿಎನ್‌ಎಚ್‌ಸಿ ಅನ್ನೋ ನೋಂದಣಿ ಸಂಸ್ಥೆ ಬಂತು. ಅರೋಮಾಥೆರಪಿಯಂಥ ಪೂರಕ ಚಿಕಿತ್ಸೆಯವರು ಇಷ್ಟ ಇದ್ದರೆ ಅದರಲ್ಲಿ ಹೆಸರು ಬರೆಸಬಹುದು. ದೂರು ಕೊಡಲು ದಾರಿ ಇದೆ. ತಪ್ಪು ಸಾಬೀತಾದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಇಲ್ಲಿಯವರೆಗೆ ಚೆನ್ನಾಗಿದೆ. ಆದರೆ ಬ್ರಿಟನ್ನಿನಲ್ಲಿ ‘ಅರೋಮಾಥೆರಪಿಸ್ಟ್’ ಅನ್ನೋ ಹೆಸರಿಗೆ ಕಾನೂನಿನ ಬೇಲಿ ಇಲ್ಲ. ಪಟ್ಟಿಯಿಂದ ಹೊರಬಿದ್ದವರು ಮರುದಿನ ಅದೇ ಅಂಗಡಿ, ಅದೇ ಬೋರ್ಡು ಇಟ್ಟುಕೊಂಡು ಕೂಡಬಹುದು. ಅದೇ ದೇಶದಲ್ಲಿ ಬೆನ್ನು, ಕೀಲುಗಳಿಗೆ ಕೈಯಿಂದಲೇ ಚಿಕಿತ್ಸೆ ಕೊಡುವವರಿದ್ದಾರೆ. ಅವರಲ್ಲಿ ಆಸ್ಟಿಯೋಪಾತ್ ಅನ್ನೋ ಹೆಸರಿಗೆ 1993ರಲ್ಲಿ, ಕೈರೊಪ್ರಾಕ್ಟರ್ ಅನ್ನೋ ಹೆಸರಿಗೆ 1994ರಲ್ಲಿ ಕಾಯ್ದೆ ಬಂತು. ಪಟ್ಟಿಯಲ್ಲಿಲ್ಲದವರು ಆ ಹೆಸರು ಹಾಕಿಕೊಂಡರೆ ಅದೇ ಅಪರಾಧ.

ಹುಬ್ಬಳ್ಳಿಯಲ್ಲೇ ಇದಕ್ಕೆ ಉದಾಹರಣೆ ಇದೆ. ಯಾವುದೇ ಔಷಧಿ ಅಂಗಡಿಗೆ ಹೋಗಿ, ಅಲ್ಲಿಯೂ ಗೋಡೆ ಮೇಲೆ ಒಂದು ಫ್ರೇಮು ಇರುತ್ತದೆ. ದೂಳು ಹಿಡಿದು, ಅಕ್ಷರ ಮಾಸಿ, ಪಾರ್ಲರಿನ ಫ್ರೇಮಿನ ಮುಂದೆ ಸಪ್ಪೆ ಕಾಣುತ್ತದೆ. ಆದರೆ ಆ ಕಾಗದದ ಹಿಂದೆ 1948ರ ಫಾರ್ಮಸಿ ಕಾಯ್ದೆ ನಿಂತಿದೆ. ರಾಜ್ಯ ಫಾರ್ಮಸಿ ಕೌನ್ಸಿಲ್ ಫಾರ್ಮಸಿಸ್ಟರ ಹೆಸರನ್ನು ಪಟ್ಟಿಯಿಂದ ತೆಗೆಯಬಹುದು. ತೆಗೆದರೆ ಅವರು ಚೀಟಿ ನೋಡಿ ಔಷಧಿ ಕೊಡುವಂತಿಲ್ಲ. ಆ ದೂಳು ಹಿಡಿದ ಕಾಗದಕ್ಕೆ ಬೆಲೆ ಬಂದದ್ದು ಅದರಿಂದ. ಪಾರ್ಲರಿನ ಐದು ಫ್ರೇಮಿನ ಹಿಂದೆ ಗೋಡೆ ಬಿಟ್ಟರೆ ಏನೂ ಇಲ್ಲ.

ನಮ್ಮ ದೇಶದಲ್ಲಿ ಅರೋಮಾಥೆರಪಿ ಎಲ್ಲಿ ನಿಂತಿದೆ ಅಂತ ಹುಡುಕಿದರೆ ಎಲ್ಲೂ ನಿಂತಿಲ್ಲ. ಆಯುಷ್ ಪದ್ಧತಿಗಳಲ್ಲಿ ಅದು ಇಲ್ಲ. ಫಿಸಿಯೊಥೆರಪಿ, ಲ್ಯಾಬ್ ಟೆಕ್ನಿಷಿಯನ್ ಮುಂತಾದವರಿಗೆ 2021ರಲ್ಲಿ ಬಂದ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ಪಟ್ಟಿಯಲ್ಲೂ ಇಲ್ಲ. ಕೌಶಲ್ಯ ತರಬೇತಿಯ ಲೋಕದಲ್ಲಿ ಸೌಂದರ್ಯ ಮತ್ತು ಸ್ವಾಸ್ಥ್ಯಕ್ಕೆ ಒಂದು ಸೆಕ್ಟರ್ ಸ್ಕಿಲ್ ಕೌನ್ಸಿಲ್ ಇದೆ, ಸ್ಪಾ ಥೆರಪಿಸ್ಟ್ ಕೆಲಸಕ್ಕೆ ತರಬೇತಿ, ಮೌಲ್ಯಮಾಪನ ಇದೆ. ಐಟಿಐಗಳಲ್ಲಿ ಕಾಸ್ಮೆಟಾಲಜಿ ಟ್ರೇಡ್ ಇದೆ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಕೇಂದ್ರ ಸರ್ಕಾರದ ಸುಗಂಧ ಕೇಂದ್ರ ಎಫ್‌ಎಫ್‌ಡಿಸಿ 1991ರಿಂದ ನಡೆದಿದೆ, ಅಲ್ಲಿಯೂ ಅರೋಮಾಥೆರಪಿ ಕಲಿಸುತ್ತಾರೆ. ಇವೆಲ್ಲ ಒಳ್ಳೆಯವೇ. ಆದರೆ ಇವು ಕೊಡುವ ಕಾಗದ ಇಲ್ಲದವರು ಅರೋಮಾಥೆರಪಿ ಮಾಡಬಾರದು ಅಂತ ಎಲ್ಲೂ ಬರೆದಿಲ್ಲ. ಪಾಲಿಕೆಯ ಟ್ರೇಡ್ ಲೈಸೆನ್ಸ್ ಜಾಗವನ್ನೂ ವ್ಯಾಪಾರವನ್ನೂ ನೋಡುತ್ತದೆ, ಬಾಟಲಿಯನ್ನು ನೋಡುವುದಿಲ್ಲ.

ಒಂದು ಕಾನೂನು ಮಾತ್ರ ಗಟ್ಟಿ ಇದೆ. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆ. ಅದರ ಪಟ್ಟಿಯಲ್ಲಿ 54 ಕಾಯಿಲೆ, ತೊಂದರೆಗಳಿವೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಬಿಪಿ ಎಲ್ಲ ಅದರಲ್ಲಿವೆ. ಇವನ್ನು ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡೋದೇ ಅಪರಾಧ. ‘ಎಣ್ಣೆ ಹಚ್ಚಿ ಶುಗರ್ ಇಳಿಸ್ತೀವಿ’ ಅಂತ ಬೋರ್ಡು ಹಾಕಿದವರ ಮೇಲೆ ಕ್ರಮ ಆಗಲು ಹೊಸ ಪರೀಕ್ಷೆ ಬೇಕಿಲ್ಲ, ಇರುವ ಕಾನೂನೇ ಸಾಕು. ಬೋರ್ಡು ಓದುವವರು ಬೇಕಷ್ಟೇ.

ಈಗ ಒಂದು ಕ್ಷಣ ಊಹಿಸಿ, ನಾಳೆ ಬೆಳಗ್ಗೆ ಸರ್ಕಾರ ‘ರಾಜ್ಯ ಮಟ್ಟದ ಅರೋಮಾಥೆರಪಿ ಅರ್ಹತಾ ಪರೀಕ್ಷೆ’ ಅಂತ ಘೋಷಿಸಿತು. ಏನಾಗುತ್ತದೆ? ಧಾರವಾಡದ ಸಪ್ತಾಪುರ ನೋಡಿದವರಿಗೆ ಇದರ ಉತ್ತರ ಗೊತ್ತು. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಸುತ್ತಲಿನ ಜಿಲ್ಲೆಗಳ ಹುಡುಗ ಹುಡುಗಿಯರು ಅಲ್ಲಿ ರೂಮು ಹಿಡಿದು ಓದುತ್ತಾರೆ. ಒಂದೊಂದು ಕಟ್ಟಡಕ್ಕೂ ಕೋಚಿಂಗ್ ಬೋರ್ಡು. ಒಂದೇ ವಾರದಲ್ಲಿ ‘ಅರೋಮಾ ಬ್ಯಾಚ್ ಶುರು’ ಅಂತ ಬ್ಯಾನರ್ ಬಿದ್ದೀತು. ಗೈಡ್ ಬಂದೀತು. ಜೆರಾಕ್ಸ್ ಅಂಗಡಿಯಲ್ಲಿ ಹಳೆ ಪ್ರಶ್ನೆಪತ್ರಿಕೆ ಸಿಕ್ಕೀತು. “ಲ್ಯಾವೆಂಡರ್ ಎಣ್ಣೆಯ ಮುಖ್ಯ ಘಟಕ ಯಾವುದು?” “ಲಿನಲೂಲ್!” “ಲವಂಗದ್ದು?” “ಯೂಜಿನಾಲ್!” ಅಂತ ಬಾಯಿಪಾಠ ಒಪ್ಪಿಸುವವರು, ಬಾಟಲಿ ಮುಚ್ಚಳ ಒಮ್ಮೆಯೂ ತೆಗೆಯದೆ ತೊಂಬತ್ತು ಮಾರ್ಕ್ಸು ತೆಗೆದಾರು. ಆ ಹುಡುಗರನ್ನು ಹಂಗಿಸುತ್ತಿಲ್ಲ. ಪರೀಕ್ಷೆ ಏನು ಕೇಳುತ್ತದೋ ಅದನ್ನು ಕೊಡುವುದರಲ್ಲಿ ಅವರು ಪಳಗಿದ್ದಾರೆ. ಇನ್ನು ಪರೀಕ್ಷೆಯೇ ಕೆಡಬಹುದು ಅನ್ನೋದನ್ನೂ ಧಾರವಾಡ ನೋಡಿದೆ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದಾಗಿ ಮರುವರ್ಷ ರದ್ದಾಯಿತು. ನಿಯತ್ತಾಗಿ ಬರೆದವರೂ ಮತ್ತೆ ಬರೆಯಬೇಕಾಯಿತು.

ಹಾಗಾದರೆ ಪರೀಕ್ಷೆ ಹೇಗಿರಬೇಕು? ನನ್ನ ಕೇಳಿದರೆ ಪೆನ್ನು ಪಕ್ಕಕ್ಕಿಡಿಸಿ, ಮೇಜಿನ ಮೇಲೆ ನಾಲ್ಕು ಬಾಟಲಿ ಇಡಿ.

ಮೊದಲ ಬಾಟಲಿ ಮೇಲೆ ಬರೀ ‘ಲ್ಯಾವೆಂಡರ್’ ಅಂತಿರಲಿ. ಪರೀಕ್ಷೆಗೆ ಕೂತವರು ಅದನ್ನು ಹಿಂದಕ್ಕೆ ಸರಿಸಬೇಕು. ಯಾಕಂದರೆ ಲ್ಯಾವೆಂಡರ್ ಅನ್ನೋದು ಒಂದು ಗಿಡ ಅಲ್ಲ. ಲ್ಯಾವೆಂಡುಲಾ ಅಂಗುಸ್ಟಿಫೋಲಿಯಾ ಒಂದು, ಸ್ಪೈಕ್ ಲ್ಯಾವೆಂಡರ್ ಇನ್ನೊಂದು, ಎರಡೂ ಕೂಡಿದ ಲ್ಯಾವೆಂಡಿನ್ ಮತ್ತೊಂದು. ಸ್ಪೈಕ್‌ನಲ್ಲಿ ಕರ್ಪೂರದ ಅಂಶ ಜಾಸ್ತಿ. ಎರಡನೇ ಬಾಟಲಿಯಲ್ಲಿ ಅಡುಗೆ ಎಣ್ಣೆ ಬೆರೆಸಿದ ಸುಗಂಧ ತೈಲ ಇರಲಿ. ಒಂದು ಹನಿ ಬಿಳಿ ಕಾಗದದ ಮೇಲೆ ಬಿಟ್ಟು ಕಾಯಬೇಕು. ಹೆಚ್ಚಿನ ಸುಗಂಧ ತೈಲಗಳು ಹಾರಿ ಹೋಗುತ್ತವೆ. ಭಜಿ ಕಟ್ಟಿಕೊಟ್ಟ ಪೇಪರಿನ ಹಾಗೆ ಜಿಡ್ಡಿನ ಕಲೆ ಉಳಿದರೆ ಏನೋ ಬೆರೆತಿದೆ. ಮೂರನೆಯದು ವರ್ಷದ ಹಿಂದೆ ಮುಚ್ಚಳ ತೆಗೆದು ಬಿಸಿಲಲ್ಲಿಟ್ಟ ಟೀ ಟ್ರೀ ಎಣ್ಣೆ. ಗಾಳಿ, ಬಿಸಿಲು ತಾಗಿ ಹಳತಾದ ಟೀ ಟ್ರೀ ಎಣ್ಣೆ ಚರ್ಮಕ್ಕೆ ಅಲರ್ಜಿ ತರುವುದು ಜಾಸ್ತಿ. ಪಾರ್ಲರಿನ ಕಿಟಕಿ ಕಟ್ಟೆ ನೆನಪಾಯಿತಲ್ಲ?

ನಾಲ್ಕನೇ ಬಾಟಲಿಯಲ್ಲಿ ಒಳ್ಳೆಯ ಎಣ್ಣೆಯೇ ಇರಲಿ. ಪಕ್ಕದಲ್ಲಿ 30 ಎಂಎಲ್ ಕುಸುಬಿ ಎಣ್ಣೆ. ದುಬಾರಿ ಜೊಜೊಬಾ ಎಣ್ಣೆ ಯಾಕೆ, ನಮ್ಮ ಕಡೆಯದೇ ಇದೆಯಲ್ಲ. ಶೇ 2ರಷ್ಟು ಬೆರೆಸಿ ಅನ್ನಬೇಕು. ಲೆಕ್ಕ ಏನೂ ಕಷ್ಟವಿಲ್ಲ. 30 ಎಂಎಲ್‌ನಲ್ಲಿ ಶೇ 2 ಅಂದರೆ 0.6 ಎಂಎಲ್. ಒಂದು ಎಂಎಲ್‌ಗೆ ಸುಮಾರು 20 ಹನಿ ಅಂತ ಹಿಡಿದರೆ 12 ಹನಿ. ಮುಖಕ್ಕಾದರೆ ಅದರ ಅರ್ಧ, ಆರೇ ಹನಿ. ಆದರೆ ಕೈಗೆ ಡ್ರಾಪರ್ ಬಂದಾಗ ಗೊತ್ತಾಗುತ್ತದೆ. ಲೆಮನ್ ಎಣ್ಣೆ ನೀರಿನ ಹಾಗೆ ಪುಳಪುಳ ಸುರಿಯುತ್ತದೆ, ಎಣಿಸುವುದರೊಳಗೆ ಹದಿನೈದಾಗಿರುತ್ತದೆ. ಲಾವಂಚದ ಎಣ್ಣೆ ಜೋನಿಬೆಲ್ಲದ ಹಾಗೆ ತುದಿಯಲ್ಲಿ ನೇತಾಡುತ್ತದೆ, ಬೀಳುವುದೇ ಇಲ್ಲ, ಬಿದ್ದರೆ ದೊಡ್ಡ ಹನಿ. ಆ ಹನ್ನೆರಡು ಹನಿಯನ್ನು ಕೈ ನಡುಗದೆ ಎಣಿಸಿ, ಬಾಟಲಿ ಮೇಲೆ ಹೆಸರು, ತಾರೀಖು ಬರೆದು, ಎದುರಿಗಿದ್ದವರಿಗೆ “ಬಸುರಿ ಇದ್ದೀರೇನ್ರಿ? ಉಬ್ಬಸ ಐತೇನ್ರಿ? ಇವತ್ತ ಬಿಸಿಲಾಗ ಹೋಗ್ತೀರೇನ್ರಿ?” ಅಂತ ಕೇಳಿದರೆ ನಾನು ಪಾಸು ಅಂತೀನಿ.

ಇಂಥ ಪರೀಕ್ಷೆಗೆ ಖರ್ಚು ಜಾಸ್ತಿ. ಒಬ್ಬರ ಮುಂದೆ ಒಬ್ಬರು ಕೂಡಬೇಕು. ಅದಕ್ಕೇ ಎಲ್ಲರೂ ಟಿಕ್ ಹಾಕುವ ಪರೀಕ್ಷೆಗೆ ಓಡುತ್ತಾರೆ.

ಪರೀಕ್ಷೆ ಇಡುವವರು ಎಣ್ಣೆ ಮಾರುವವರಾಗಿರಬಾರದು ಅನ್ನೋದು ಇನ್ನೊಂದು ಮಾತು, ಮತ್ತು ನನಗೆ ಇದು ಬಹಳ ದೊಡ್ಡ ಮಾತು. ಸರಪಳಿ ವ್ಯಾಪಾರದ ಎಣ್ಣೆ ಕಂಪನಿಗಳು ತಮ್ಮ ಏಜೆಂಟರಿಗೆ ತಾವೇ ತರಬೇತಿ ಕೊಟ್ಟು, ತಾವೇ ಹುರಿದುಂಬಿಸಿ ಕಳಿಸುತ್ತವೆ. 2014ರಲ್ಲಿ ಎಬೋಲಾ ಭಯ ಹಬ್ಬಿದ್ದಾಗ, ತಮ್ಮ ಎಣ್ಣೆ ಅದಕ್ಕೂ ಮದ್ದು ಅಂತ ಏಜೆಂಟರು ಹೇಳುತ್ತಿದ್ದಾರೆ ಎಂದು ಅಮೆರಿಕದ ಆಹಾರ ಮತ್ತು ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಯಂಗ್ ಲಿವಿಂಗ್ ಮತ್ತು ಡೊಟೆರಾ ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆಯಿತು. ಹನಿ ಕಡಿಮೆ ಹಾಕಿ ಅಂತ ಕಲಿಸುವವರಿಗೆ ಬಾಟಲಿ ಬೇಗ ಖಾಲಿಯಾದರೆ ಲಾಭ ಇರಬಾರದು. ಇಷ್ಟು ಸರಳ.

ಪರೀಕ್ಷೆಯಿಂದ ಆಗದ ಕೆಲಸವೂ ಇದೆ. 2021ರಲ್ಲಿ ಅಮೆರಿಕದ ನಾಲ್ಕು ರಾಜ್ಯಗಳಲ್ಲಿ ನಾಲ್ವರಿಗೆ ಮೆಲಿಯಾಯ್ಡೋಸಿಸ್ ಅನ್ನೋ ಸೋಂಕು ತಗಲಿತು, ಇಬ್ಬರು ಸತ್ತರು. ಅವರು ಯಾರೂ ಆ ಕಾಯಿಲೆ ಇರುವ ದೇಶಕ್ಕೆ ಹೋದವರಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಲ್ಯಾವೆಂಡರ್ ವಾಸನೆಯ ಒಂದು ಅರೋಮಾಥೆರಪಿ ರೂಮ್ ಸ್ಪ್ರೇ. ತಯಾರಾದದ್ದು ನಮ್ಮ ಭಾರತದಲ್ಲೇ. ಸುಮಾರು 3,900 ಬಾಟಲಿಗಳನ್ನು ವಾಪಸ್ ತರಿಸಿಕೊಂಡರು. ಅದನ್ನು ಸಿಂಪಡಿಸಿದವರು ಎಂಥ ಸರ್ಟಿಫಿಕೇಟು ಇಟ್ಟುಕೊಂಡಿದ್ದರೂ ಒಳಗಿನ ಬ್ಯಾಕ್ಟೀರಿಯಾ ಕಾಣುತ್ತಿರಲಿಲ್ಲ. ಮನುಷ್ಯರಿಗೆ ಪರೀಕ್ಷೆ ಇಡುವ ಹುರುಪಿನಲ್ಲಿ ಬಾಟಲಿಗೆ ಪರೀಕ್ಷೆ ಇಡೋದು ಮರೆಯಬಾರದು.

ಪರೀಕ್ಷೆ ಕಡ್ಡಾಯ ಮಾಡಿದರೆ ಯಾರಿಗೆ ಪೆಟ್ಟು ಬೀಳುತ್ತದೆ ಅನ್ನೋದನ್ನೂ ನೋಡಬೇಕು. ಪಾರ್ಲರ್ ಮಾಲಕಿಗೆ ಫೀಸು ಭಾರ ಆಗಲಿಕ್ಕಿಲ್ಲ. ಅಲ್ಲಿ ತಿಂಗಳ ಪಗಾರಕ್ಕೆ ದುಡಿಯುವ ಹುಡುಗಿಯರಿದ್ದಾರೆ, ಕುಂದಗೋಳ, ನವಲಗುಂದ ಕಡೆಯಿಂದ ಬಸ್ಸಿಗೆ ಬಂದು ಹೋಗುವವರು. ನಿಜವಾಗಿ ಎಣ್ಣೆ ಹಚ್ಚುವ ಕೈ ಅವರದ್ದು, ಫ್ರೇಮಿನಲ್ಲಿರುವ ಹೆಸರು ಮಾಲಕಿಯದ್ದು. ಓಣಿಯಲ್ಲಿ ಬಾಣಂತಿಗೆ ಎಣ್ಣೆ ನೀರು ಹಾಕುವ ಆಯಿಯೂ ಇದ್ದಾಳೆ. ಅವಳನ್ನು ಕನ್ನಡದಲ್ಲೇ ಇಲ್ಲದ ಪ್ರಶ್ನೆಪತ್ರಿಕೆ ಮುಂದೆ ಕೂಡಿಸಿ ಫೇಲ್ ಮಾಡಿದರೆ ಯಾರಿಗೆ ಏನು ಸಿಕ್ಕಿತು? ಈ ಕಾರಣಕ್ಕೆ ನಾನು ಕಡ್ಡಾಯ ಅನ್ನುವ ಮಾತಿಗೆ ಸ್ವಲ್ಪ ತಡೆದು ನಿಲ್ಲುತ್ತೇನೆ. ಕನ್ನಡದಲ್ಲಿ, ಬಾಯಿಮಾತಿನಲ್ಲಿ, ಕೈಕೆಲಸ ನೋಡಿ ಕೊಡುವ ಸರ್ಟಿಫಿಕೇಟು ಇರಲಿ. ಹಚ್ಚುವ ಕೈಗೇ ಇರಲಿ. ಅದರ ಮೇಲೆ ಒಂದು ಸಾಲು ದಪ್ಪ ಅಕ್ಷರದಲ್ಲಿ: ‘ಇದು ಕಾಯಿಲೆಗೆ ಚಿಕಿತ್ಸೆ ಕೊಡುವ ಅನುಮತಿ ಅಲ್ಲ’. ಅದರ ಕೆಳಗೆ ದೂರು ಕೊಡುವ ನಂಬರು, ಮತ್ತು ಆ ನಂಬರಿನ ಆ ಕಡೆ ಹೆಸರು ತೆಗೆಯುವ ಅಧಿಕಾರ ಇರುವ ಒಬ್ಬರು.

ಈ ನಂಬರಿನ ಮಾತು ಸುಮ್ನೆ ಬಂದಿದ್ದಲ್ಲ. ಕಲೆ ಸ್ವಲ್ಪ ತಿಳಿಯಾದ ಮೇಲೆ ಅಕ್ಕ ಮತ್ತೆ ಆ ಪಾರ್ಲರಿಗೆ ಹೋದಳು. ಜಗಳಕ್ಕಲ್ಲ, ಹೇಳಿ ಬರೋಣ ಅಂತ. ನಾನೂ ಜೊತೆಗಿದ್ದೆ. ಮೊಬೈಲಿನಲ್ಲಿ ಕುತ್ತಿಗೆಯ ಫೋಟೊ ತೋರಿಸಿದಳು. ಆ ಹೆಣ್ಣುಮಗಳು ಗಾಬರಿಯಾದರು. “ಅಯ್ಯ ಅಕ್ಕಾರ, ಇದು ಸುಡ್ತದಂತ ನಮಗ ಯಾರೂ ಹೇಳೇ ಇಲ್ರಿ. ಐದು ಕೋರ್ಸ್ ಮಾಡೀನ್ರಿ ನಾ” ಅಂದರು. ಕಣ್ಣಲ್ಲಿ ನೀರಿತ್ತು. ಆಮೇಲೆ ಅವರೇ ಕಿಟಕಿ ಕಟ್ಟೆಯ ಬಾಟಲಿಗಳನ್ನು ಒಂದೊಂದಾಗಿ ತೆಗೆದು ಒಳಗಿನ ಕಪಾಟಿಗೆ ಇಟ್ಟರು.

“ಕಲಿಸಿದವ್ರಿಗೆ ತಿಳಸ್ಬೇಕಲ್ರಿ ಇದನ್ನ. ಮತ್ತೊಬ್ರಿಗೆ ಹಿಂಗ ಆಗಬಾರ್ದು” ಅಂತ ಅವರೇ ಅಂದರು. ಫ್ರೇಮು ಕೆಳಗಿಳಿಸಿ ಕನ್ನಡಕ ಹಾಕಿಕೊಂಡು ಫೋನ್ ನಂಬರು ಹುಡುಕಿದರು. ‘ಇಂಟರ್‌ನ್ಯಾಷನಲ್’ ಅಂತಿದ್ದ ಸರ್ಟಿಫಿಕೇಟಿನ ಮೇಲಿದ್ದ ಫೋನ್ ನಂಬರು ಅಸ್ತಿತ್ವದಲ್ಲೇ ಇರಲಿಲ್ಲ. ‘ಅಡ್ವಾನ್ಸ್ಡ್’ ನಂಬರಿಗೆ ಹಚ್ಚಿದರು, ಸ್ಪೀಕರ್ ಹಾಕಿದರು. ಆ ಕಡೆಯಿಂದ ಒಬ್ಬ ಹುಡುಗಿ ಪೂರ್ತಿ ಕೇಳಿಸಿಕೊಂಡಳು. “ಓಕೆ ಮೇಡಂ” ಅಂದಳು. ಸ್ವಲ್ಪ ಹೊತ್ತು ಕೀಬೋರ್ಡಿನ ಟಕಟಕ ಕೇಳಿತು.

“ಸ್ಕಿನ್ ರಿಯಾಕ್ಷನ್ ಬಗ್ಗೆ ನಮ್ಮಲ್ಲಿ ಮಾಸ್ಟರ್ ಲೆವೆಲ್ ಕೋರ್ಸ್ ಇದೆ ಮೇಡಂ. ಹಳೇ ಸ್ಟೂಡೆಂಟ್ ಆದ್ದರಿಂದ ನಿಮಗೆ ಡಿಸ್ಕೌಂಟ್ ಸಿಗುತ್ತೆ. ಇವತ್ತೇ ಸೇರಿಸಿಕೊಳ್ಳಲಾ?”